ಹಿಂದಿನ ಸೀಟು, ಮುಂದಿನ ಗಾಲಿ

ಸುರಪುರದ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಒಳ್ಳೆಯ ಜಾಗ ಸಿಕ್ಕಿದ್ದು ಅಪ್ಪನ ಮೋಟರ್‌ಸೈಕಲ್ಲಿಗೆ. ಪಡಸಾಲೆಯಲ್ಲಿ, ದೇವರ ಜಗಲಿಯ ಎದುರಿಗೆ, ಬೇಸಿಗೆಯಲ್ಲೂ ತಣ್ಣಗಿರುವ ಫರಸಿಗಲ್ಲಿನ ಮೇಲೆ ಅದು ಸಂಜೆಯಿಂದ ಬೆಳಗಿನವರೆಗೆ ನಿಂತಿರುತ್ತಿತ್ತು. ಅದು ಬರುವ ಮೊದಲು ಆ ಜಾಗದಲ್ಲಿ ನಾನು ಮಲಗುತ್ತಿದ್ದೆ. ಗಾಡಿ ಬಂದ ದಿನವೇ ನನ್ನ ಹಾಸಿಗೆ ಅಡುಗೆಮನೆಯ ಬಾಗಿಲಿಗೆ, ಜೋಳದ ಚೀಲಗಳ ಪಕ್ಕಕ್ಕೆ ಸರಿಯಿತು. ಅಪ್ಪ ತನ್ನ ಒಳ್ಳೆಯ ಲುಂಗಿಯೊಂದನ್ನು ಅದಕ್ಕೆ ಹೊದಿಸಿದ. ನನ್ನ ಚಾದರಕ್ಕೆ ತೂತು ಬಿದ್ದು ಎಷ್ಟು ದಿನವಾಗಿತ್ತೋ, ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೆಂಪು ಬಣ್ಣದ ಆ ಗಾಡಿಯನ್ನು ಮೊದಮೊದಲು ನಾನು ನೋಡುತ್ತಿದ್ದದ್ದು ಸವತಿಯನ್ನು ನೋಡಿದ ಹಾಗೆ. ಅವ್ವನಿಗೂ ಅದರ ಮೇಲೆ ಸಿಟ್ಟಿತ್ತು, ಅವಳ ಕಾರಣ ಬೇರೆ. ಸಂಜೆ ದೀಪ ಹಚ್ಚುವಾಗಲೆಲ್ಲ ಅವಳು ಗೊಣಗುವುದು, ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಒಳಗಿನಿಂದ ಉತ್ತರ ಕೊಡುವುದು ನಡೆದೇ ಇರುತ್ತಿತ್ತು.

“ದೇವರಿಗೆ ಊದಿನಕಡ್ಡಿ ಹಚ್ಚಬೇಕೋ, ಪೆಟ್ರೋಲಿಗೆ ಬೆಂಕಿ ಹಚ್ಚಬೇಕೋ, ಒಂದೂ ತಿಳೀವಲ್ದು.”

“ಹೊರಗ ನಿಲ್ಲಿಸಿದ್ರ ಮಂದಿ ಕಣ್ಣು ಬೀಳ್ತದ. ನನ ಮಗ ದುಡದು ತಂದಾನ, ಒಳಗೇ ಇರ್ಲಿ.”

ಆದರೆ ವಾರಕ್ಕೊಮ್ಮೆ ಆ ಗಾಡಿಯನ್ನು ನಾನು ಕ್ಷಮಿಸುತ್ತಿದ್ದೆ. ಅಪ್ಪ ಬೋನಾಳದ ಕೆರೆ ದಾಟಿ ಒಂದು ಸಣ್ಣ ಊರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದ. ನನ್ನ ಶಾಲೆಗೆ ಶನಿವಾರ ರಜೆ ಇತ್ತು, ಆ ದಿನ ಅವನು ನನ್ನನ್ನು ಜೊತೆಗೆ ಕರೆದೊಯ್ಯುತ್ತಿದ್ದ. ಹಿಂದಿನ ಸೀಟಿನಲ್ಲಿ ಕೂತು ಎರಡೂ ಕೈಯನ್ನು ಅವನ ಹೊಟ್ಟೆಯ ಸುತ್ತ ಹಾಕಿ, ಕೆನ್ನೆಯನ್ನು ಬೆನ್ನಿಗೆ ಒತ್ತಿಕೊಂಡರೆ ಅಂಗಿಯಿಂದ ಸೀಮೆಸುಣ್ಣದ್ದೂ ಬೆವರಿನದೂ ವಾಸನೆ ಬರುತ್ತಿತ್ತು. ಮಧ್ಯಾಹ್ನ ಹಿಂದಿರುಗುವಾಗ ಕೆರೆಯ ಏರಿಯ ಮೇಲೆ ಗಾಡಿ ನಿಲ್ಲಿಸಿ, ಇಬ್ಬರೂ ಜಾಲಿಯ ನೆರಳಿನಲ್ಲಿ ಕೂತು ಗರಿಗರಿ ಕಟಿರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿಯ ಪುಡಿ ತಿನ್ನುತ್ತಿದ್ದೆವು. ಚಳಿಗಾಲವಾದರೆ ದೂರದೇಶದ ಹಕ್ಕಿಗಳು ನೀರಿನ ಮೇಲೆ ಕೂತಿರುತ್ತಿದ್ದವು. ಅಪ್ಪನಿಗೆ ಅವುಗಳ ಹೆಸರು ಗೊತ್ತಿರಲಿಲ್ಲ, ತನಗೆ ತೋಚಿದ ಹೆಸರು ಇಡುತ್ತಿದ್ದ. ಉಳಿದ ಆರು ದಿನ ಅವನು ಶಾಲೆಯವನು, ಆಯಿಯವನು, ಊರಿನವನು. ಆ ಒಂದು ದಿನ ಮಾತ್ರ ಅವನು ನನ್ನವನಾಗಿದ್ದ, ಅದರಲ್ಲಿ ಪಾಲು ಕೊಡುವ ಯೋಚನೆ ನನ್ನ ತಲೆಗೆ ಬಂದೇ ಇರಲಿಲ್ಲ.

ಒಂದು ಬೇಸಿಗೆಯ ಕೊನೆಗೆ ರಾಮಸಮುದ್ರದಿಂದ ಶಾಂತಾ ಬಂದಳು. ಅಪ್ಪನ ತಂಗಿಯ ಮಗಳು, ನನಗಿಂತ ಒಂದು ವರ್ಷ ಚಿಕ್ಕವಳು. ಊರಲ್ಲಿದ್ದರೆ ಎಮ್ಮೆಯ ಹಿಂದೆ ತಿರುಗುತ್ತಾಳೆ, ಮಾವನ ಮನೆಯಲ್ಲಿದ್ದರೆ ನಾಲ್ಕಕ್ಷರ ಕಲಿಯುತ್ತಾಳೆ ಎಂದು ಆಯಿ ಹಟ ಹಿಡಿದು ಕರೆಸಿದ್ದಳು. ಅಪ್ಪನೇ ಹೋಗಿ ಕರೆತಂದ. ಹಿಂದಿನ ಸೀಟಿಗೆ ಅವಳ ಟ್ರಂಕು ಕಟ್ಟಿದ್ದರಿಂದ ಅವಳನ್ನು ಮುಂದೆ ಪೆಟ್ರೋಲ್ ಟಾಕಿಯ ಮೇಲೆ, ತನ್ನೆರಡು ತೋಳಿನ ನಡುವೆ ಕೂರಿಸಿಕೊಂಡು ಬಂದಿದ್ದ. ಯಾದಗಿರಿ ದಾಟಿದ ಮೇಲೆ ಚೂಪುಗಲ್ಲೊಂದು ಮುಂದಿನ ಟಯರನ್ನು ಸೀಳಿ, ಅದರ ರಿಪೇರಿಯಲ್ಲಿ ತಡವಾಯಿತೆಂದು ಹೇಳಿದ. ನಾನು ಆ ಮಾತಿಗೆ ಕಿವಿ ಕೊಡಲಿಲ್ಲ. ನನ್ನ ಕಣ್ಣೆಲ್ಲ ಟಾಕಿಯ ಮೇಲಿತ್ತು. ನನ್ನನ್ನು ಅಪ್ಪ ಅಲ್ಲಿ ಒಂದು ದಿನವೂ ಕೂರಿಸಿಕೊಂಡಿರಲಿಲ್ಲ. ನಾನು ದುಂಡಗಿದ್ದೆ, ಅಲ್ಲಿ ಹಿಡಿಸುತ್ತಿರಲಿಲ್ಲ. ಅವಳು ಜೋಳದ ದಂಟಿನ ಹಾಗಿದ್ದಳು.

ಹೊಟ್ಟೆಕಿಚ್ಚು ಅನ್ನುವುದು ನನಗೆ ಮೊದಲು ಅರ್ಥವಾದದ್ದು ಊಟದ ಹೊತ್ತಿನಲ್ಲಿ. ಆಯಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಉಬ್ಬಿದ ರೊಟ್ಟಿಯ ಮೇಲಿನ ತೆಳ್ಳನೆಯ ಪದರು ಬಿಡಿಸಿ, ಬೆಣ್ಣೆ ಸವರಿ, ಅದನ್ನು ಶಾಂತಾಳ ತಾಟಿಗೆ ಹಾಕುವಳು. ಕೆಳಗಿನ ದಪ್ಪ ಪದರು ನನಗೆ ಬರುವುದು. ಕೇಳಿದರೆ, ಅದು ಸೊರಗಿದ ಹುಡುಗಿ, ನಿನಗೇನು ಕಡಿಮೆಯಾಗಿದೆ ಅನ್ನುವಳು. ಶಾಂತಾ ತಲೆ ಎತ್ತದೆ ತಿನ್ನುತ್ತಿದ್ದಳು. ಅವಳು ಒಂದು ಸಲವಾದರೂ ನನ್ನ ಕಡೆ ನೋಡಿ ನಕ್ಕಿದ್ದರೆ ಜಗಳ ತೆಗೆಯಬಹುದಿತ್ತು, ಅದಕ್ಕೂ ಎಡೆಗೊಡಲಿಲ್ಲ. ಅವಳಿಗೆ ತಾಯಿ ಇದ್ದಳು, ತಂದೆ ಇದ್ದ, ಊರಲ್ಲಿ ಎಮ್ಮೆ ಇತ್ತು. ಇಷ್ಟೆಲ್ಲ ಇದ್ದೂ ನನ್ನ ಅಪ್ಪ, ನನ್ನ ಆಯಿ, ನನ್ನ ರೊಟ್ಟಿಯ ಪದರು ಯಾಕೆ ಬೇಕು ಎಂದು ನಾನು ಅವ್ವನನ್ನು ಕೇಳಿದೆ. ಅವ್ವ ಪುಂಡಿಪಲ್ಯ ತಿರುವುತ್ತ, ನಿಮ್ಮ ಆಯಿಯನ್ನೇ ಕೇಳು ಅಂದಳು. ಆ ದನಿಯಲ್ಲಿ ಅವಳ ಹೊಟ್ಟೆಯೂ ಸ್ವಲ್ಪ ಉರಿಯುತ್ತಿದೆ ಅನ್ನಿಸಿ ಸಮಾಧಾನವಾಯಿತು.

ಶನಿವಾರ ಪಾಲಾಯಿತು. ಒಂದು ವಾರ ನನ್ನದು, ಒಂದು ವಾರ ಅವಳದು. ಮೊದಲನೆಯ ವಾರ ನನ್ನದೇ. ಊರು ದಾಟಿ ಗಾಡಿ ವೇಗ ಹಿಡಿದದ್ದೇ ತಡ, ಹ್ಯಾಂಡಲ್ ಎಡಕ್ಕೂ ಬಲಕ್ಕೂ ನಡುಗತೊಡಗಿತು. ಅಪ್ಪನ ಮೊಣಕೈಗಳು ಅದುರುವುದು ನನಗೆ ಹಿಂದಿನಿಂದಲೇ ಕಾಣುತ್ತಿತ್ತು. ಅವನು ಹೆದರಿ ವೇಗ ಇಳಿಸಿದ.

“ಅಲಗಾಡಬ್ಯಾಡ ಮಾದಿ, ಸುಮ್ ಕೂಡು.”

“ನಾ ಅಲಗಾಡಿಲ್ಲಪ್ಪ.”

ದಾರಿಯುದ್ದಕ್ಕೂ ನಾನು ಉಸಿರು ಬಿಗಿಹಿಡಿದು ಕೂತೆ. ಮತ್ತೆ ವೇಗ ಹಿಡಿದಾಗ ಮತ್ತೆ ನಡುಗಿತು. ಮುಂದಿನ ವಾರ ಶಾಂತಾಳನ್ನು ಟಾಕಿಯ ಮೇಲೆ ಕೂರಿಸಿಕೊಂಡು ಹೋದ. ಗಾಡಿ ಗೆರೆ ಎಳೆದ ಹಾಗೆ ನೆಟ್ಟಗೆ ಹೋಗಿ ಬಂತು. ಅದರ ಮುಂದಿನ ವಾರ ನಾನು ಕೂತಾಗ ಇನ್ನೂ ಜೋರಾಗಿ ನಡುಗಿತು. ಅಪ್ಪ ಗಾಳಿ ನೋಡಿದ, ಸುರಪುರದಲ್ಲೇ ಹ್ಯಾಂಡಲಿನ ಬೇರಿಂಗ್ ಬಿಗಿ ಮಾಡಿಸಿದ. ಏನೂ ಆಗಲಿಲ್ಲ. ಒಂದು ಸಂಜೆ ಆಯಿ ಕಾಲು ಚಾಚಿ ಕೂತು ತೀರ್ಪು ಹೇಳಿದಳು.

“ಕೆಲವರು ಕೂತ್ರ ಗಾಡಿಗೆ ಆಗಿಬರಂಗಿಲ್ಲಪ್ಪ. ಎತ್ತಿಗೆ ಸೈತ ಹಂಗೇ ಇರ್ತದ. ಒಬ್ಬರ ಕೈಯಾಗ ನಡೀತಾವ, ಇನ್ನೊಬ್ಬರ ಕೈಯಾಗ ಮೊಂಡು ಬೀಳ್ತಾವ. ಮಾದೀನ ಕೂಡಿಸಬ್ಯಾಡ.”

ಅಪ್ಪ ತನ್ನ ಶಾಲೆಯಲ್ಲಿ ಗ್ರಹಣವೆಂದರೆ ನೆರಳು, ರಾಹು ಕೇತು ಅಲ್ಲ ಎಂದು ಕಲಿಸುವವನು. ತಾಯಿಯ ಎದುರಿಗೆ ಮಾತ್ರ ಅವನ ಬಾಯಿಗೆ ಬೀಗ. ಸ್ವಲ್ಪ ದಿನ ತಡಿ ಮಾದಿ, ನೋಡೋಣು ಅಂದ. ಆಯಿ ಮಠದಿಂದ ಒಂದು ತಾಮ್ರದ ತಾಯತ ತಂದು ಮುಂದಿನ ಗಾಲಿಯ ಕಡ್ಡಿಗೆ ಕಪ್ಪು ದಾರದಲ್ಲಿ ಬಿಗಿದಳು. ಗಾಡಿಗೆ ನನ್ನಿಂದ ರಕ್ಷಣೆ! ಮಳೆಗಾಲ ಹೋಯಿತು, ಚಳಿಗಾಲದ ಹಕ್ಕಿಗಳು ಬಂದು ಹೋದವು, ಎಲ್ಲ ಶನಿವಾರವೂ ಶಾಂತಾಳದಾಯಿತು. ಅವಳು ಬಂದು ಅಪ್ಪ ಹಕ್ಕಿಗೆ ಇಟ್ಟ ಹೊಸ ಹೆಸರುಗಳನ್ನು ಹೇಳುವಾಗ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ.

ಆ ವರ್ಷ ನಾನು ಬೇರೆ ಯಾವ ಪಾಠವನ್ನೂ ಅಷ್ಟು ಮನಸ್ಸಿಟ್ಟು ಓದಲಿಲ್ಲ, ಗಾಡಿಯನ್ನು ಓದಿದೆ. ಅಪ್ಪ ಒಬ್ಬನೇ ಬಂದರೆ ಹೇಗೆ ಬರುತ್ತಾನೆ, ಹಿಂದೆ ಯಾರಾದರೂ ಕೂತಿದ್ದರೆ ಹೇಗೆ, ಓಣಿಯ ತುದಿಯಲ್ಲಿ ನಿಂತು ನೋಡುತ್ತಿದ್ದೆ. ಯಾರು ಹೇಳಿದ್ದನ್ನೂ ಹಾಗೇ ನಂಬದೆ ಬಿಚ್ಚಿ ನೋಡುವ ನನ್ನ ಗುಣವನ್ನು ಜನ ಈಗ ಹೊಗಳುತ್ತಾರೆ. ಅದು ಓದಿನಿಂದ ಬಂದದ್ದಲ್ಲ, ಹೊಟ್ಟೆಕಿಚ್ಚಿನಿಂದ ಬಂದದ್ದು. ಕೊನೆಗೆ ಒಂದು ಸಂಜೆ ಅಪ್ಪ ಅಂಗಿಯ ತೋಳು ಹರಿದುಕೊಂಡು, ಮೊಣಕೈ ತರಚಿಕೊಂಡು ಬಂದ. ಗೆಳೆಯನ ಮನೆಯಿಂದ ಅಕ್ಕಿಯ ಚೀಲವೊಂದನ್ನು ಹಿಂದೆ ಕಟ್ಟಿಕೊಂಡು ಬರುವಾಗ ಹ್ಯಾಂಡಲ್ ಕುಣಿದು, ರಸ್ತೆಯ ಬದಿಗೆ ಉರುಳಿದ್ದನಂತೆ. ಅವ್ವ ಅರಿಶಿನ ಹಚ್ಚುತ್ತ ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ. ಅಪ್ಪನಿಗೆ ಹೆಚ್ಚೇನೂ ಆಗಿಲ್ಲ ಎಂದು ಗೊತ್ತಾದ ಕೂಡಲೇ ಒಳಗಿನಿಂದ ಖುಷಿ ಉಕ್ಕಿತು. ಊಟಕ್ಕೆ ಕೂತಾಗ ಆಯಿಯನ್ನು ನೇರವಾಗಿ ಕೇಳಿದೆ.

“ಆಯಿ, ಅಕ್ಕಿ ಚೀಲಾನೂ ಗಾಡಿಗೆ ಆಗಿಬರಂಗಿಲ್ಲೇನು?”

ಆಯಿಯ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಅಪ್ಪ ನನ್ನನ್ನು ನೋಡಿದ. ಬಹಳ ದಿನಗಳ ಮೇಲೆ ಅವನು ನನ್ನನ್ನು ಹಾಗೆ ಪೂರ್ತಿಯಾಗಿ ನೋಡಿದ್ದು.

“ಹೌದಲ್ಲ,” ಅಂದ. “ಹಿಂದ ಭಾರ ಬಿದ್ದಾಗಷ್ಟೇ ಕುಣೀತದ ಇದು. ಐತವಾರ ಶಹಾಪುರಕ್ಕ ಹೋಗಿ ತೋರಿಸ್ತೀನಿ.”

ನಾನೂ ಬರುತ್ತೇನೆಂದು ಹಟ ಹಿಡಿದೆ. ಅವ್ವನಿಗೆ ಶಹಾಪುರದಲ್ಲಿ ಬಟ್ಟೆ ಕೊಳ್ಳುವುದಿತ್ತು. ಅವ್ವನೂ ನಾನೂ ಬಸ್ಸಿನಲ್ಲಿ, ಅಪ್ಪ ಒಬ್ಬನೇ ಗಾಡಿಯ ಮೇಲೆ. ಟಯರಿನ ಅಂಗಡಿ ಹತ್ತಿ ಮಿಲ್ಲಿನ ಹತ್ತಿರವಿತ್ತು. ಅಂಗಡಿಯ ಖಾದರ್ ಚಾಚಾ ಕೆಲಸಕ್ಕಿಂತ ಹೆಚ್ಚು ಮಾತಿನವರು, ಹೈದರಾಬಾದಿನಲ್ಲಿ ತಾನು ರಿಪೇರಿ ಮಾಡಿದ ದೊಡ್ಡ ದೊಡ್ಡ ಗಾಡಿಗಳ ಕತೆ ಹೇಳುತ್ತಲೇ ಗಾಲಿ ಕಳಚಿದರು. ಅಚ್ಚು ತೂರಿಸಿ ಎರಡು ಕಬ್ಬಿಣದ ಕಾಲುಗಳ ನಡುವೆ ಗಾಲಿಯನ್ನು ತೂಗುಹಾಕಿ, ಬೆರಳಿನಿಂದ ಮೆಲ್ಲಗೆ ತಿರುಗಿಸಿದರು. ಗಾಲಿ ತಿರುಗಿತು, ನಿಧಾನವಾಯಿತು, ನಿಲ್ಲುವ ಹೊತ್ತಿಗೆ ಹಿಂದಕ್ಕೆ ಜಾರಿ ಒಂದು ಕಡೆ ನಿಂತಿತು. ಅಪ್ಪ ಜೇಬಿನಿಂದ ಸೀಮೆಸುಣ್ಣ ಕೊಟ್ಟ. ಚಾಚಾ ಕೆಳಗೆ ಬಂದ ಜಾಗಕ್ಕೆ ಗೆರೆ ಎಳೆದು ಮತ್ತೆ ತಿರುಗಿಸಿದರು. ಎಷ್ಟು ಸಲ ತಿರುಗಿಸಿದರೂ ಆ ಗೆರೆಯೇ ಕೆಳಗೆ ಬರುತ್ತಿತ್ತು.

“ಇಲ್ಲಿ ಏನೋ ಕುಂತದ ಗುರುಗಳ,” ಎಂದು ಚಾಚಾ ಟಯರನ್ನು ಬಿಚ್ಚಿದರು. ಒಳಗೆ, ಗೆರೆ ಇದ್ದ ಜಾಗದಲ್ಲೇ, ಅಂಗೈ ಅಗಲದ ದಪ್ಪ ರಬ್ಬರಿನ ತುಂಡು. ಟಯರು ಸೀಳಿದಾಗ ಟ್ಯೂಬು ಹೊರಗೆ ಇಣುಕದಿರಲೆಂದು ಹಳೆಯ ಟಯರಿನ ತುಂಡನ್ನು ಕತ್ತರಿಸಿ ಒಳಗೆ ಇಡುತ್ತಾರೆ, ಗೇಟರ್ ಅನ್ನುತ್ತಾರೆ. ಮನೆ ಮುಟ್ಟುವ ತನಕ ಇರಬೇಕಾದದ್ದು, ಅಪ್ಪ ಮರೆತು ಹೆಚ್ಚುಕಡಿಮೆ ಒಂದು ವರ್ಷ ಇಟ್ಟುಕೊಂಡಿದ್ದ. ಆ ಭಾರಕ್ಕೆ ಟಯರು ಒಂದು ಕಡೆ ಉಬ್ಬಾಗಿ, ಒಂದು ಕಡೆ ತಗ್ಗಾಗಿ ಸವೆದಿತ್ತು.

“ಹಿಂದ ಭಾರ ಆದ್ರ ಮುಂದಿನ ಗಾಲಿ ಹಗುರಾಗಿ ಕುಣೀತದ. ಮುಂದ ಟಾಕಿ ಮ್ಯಾಲ ಯಾರರ ಕುಂತ್ರ ಅಮುಕಿ ಹಿಡೀತದ, ನಿಮಗ ಗೊತ್ತಾಗಂಗಿಲ್ಲ. ಇದನ್ನ ಯಾವಾಗ ಹಾಕಿಸಿದ್ರಿ?”

“ರಾಮಸಮುದ್ರದಿಂದ ನಮ್ಮ ತಂಗಿ ಮಗಳನ್ನ ಕರಕೊಂಡು ಬರುವಾಗ,” ಅಂದ ಅಪ್ಪ.

ನಡುಕ ಬಂದದ್ದು ಶಾಂತಾಳ ಜೊತೆಗೆ, ಶಾಂತಾಳ ದಾರಿಯಲ್ಲಿ, ಶಾಂತಾ ಟಾಕಿಯ ಮೇಲಿದ್ದಾಗ! ಇದನ್ನು ಆಯಿಯ ಎದುರಿಗೆ ಹೇಳಿದರೆ ಆಯಿಯ ಮುಖ ಹೇಗಾದೀತು ಎಂದು ನೆನೆದೇ ಬಾಯಲ್ಲಿ ನೀರೂರಿತು. ಅವ್ವ ನನ್ನ ಮುಖ ಓದಿದಳು. ರಟ್ಟೆ ಹಿಡಿದು ಪಕ್ಕಕ್ಕೆ ಎಳೆದಳು.

“ಮನ್ಯಾಗ ಹೋಗಿ ಇದನ್ನ ಬಾಯಿ ಬಿಟ್ಟೆಂದ್ರ ನೋಡು ಮತ್ತ. ನಿಮ್ಮಪ್ಪಗ ಏನೂ ಅನ್ನಂಗಿಲ್ಲ ನಿಮ್ಮ ಆಯಿ. ನಾನೇ ನಿನಗ ಕಲಿಸಿ ಕಳಿಸೀನಿ ಅಂತಾಳ.”

ಆಯಿ ಹಾಗೇ ಅನ್ನುತ್ತಾಳೆ ಅನ್ನುವುದು ನಿಜವೇ ಆಗಿತ್ತು, ಆದ್ದರಿಂದ ಇನ್ನೂ ಸಂಕಟ. ಚಾಚಾ ಹೊಸ ಟಯರು ಹಾಕಿ, ಗಾಳಿ ತುಂಬಿ, ಮತ್ತೆ ಗಾಲಿ ತೂಗಿದರು. ಈಗಲೂ ಒಂದು ಬದಿ ಕೊಂಚ ಭಾರವಿತ್ತು. ಅದರ ಎದುರಿನ ಕಡ್ಡಿಗೆ ಸೀಸದ ತಂತಿ ಸುತ್ತಬೇಕು, ಆಯಿಯ ತಾಯತ ಭಾರದ ಬದಿಗೇ ಇದೆ, ಬಿಚ್ಚಲೇ ಅಂದರು. ಬಿಚ್ಚಿದರೆ ನನಗೆ ಮನೆಯಲ್ಲಿ ಊಟವಿಲ್ಲ ಅಂದ ಅಪ್ಪ. ಚಾಚಾ ನಕ್ಕು ತಾಯತವನ್ನೇ ಹಗುರಾದ ಬದಿಯ ಕಡ್ಡಿಗೆ ಕಟ್ಟಿ, ಅದರ ಮೇಲೆ ಇಷ್ಟೇ ಇಷ್ಟು ತಂತಿ ಸುತ್ತಿದರು. ಗಾಲಿ ತಿರುಗಿ ತನಗೆ ಬೇಕಾದಲ್ಲಿ ನಿಂತಿತು, ಮತ್ತೊಮ್ಮೆ ತಿರುಗಿಸಿದರೆ ಇನ್ನೊಂದು ಕಡೆ. ಈಗ ನನ್ನ ಸ್ಕೂಟಿಯ ಗಾಲಿಯನ್ನು ಶಹಾಪುರದಲ್ಲಿ ಯಂತ್ರಕ್ಕೆ ಹಾಕುತ್ತಾರೆ, ಪರದೆಯ ಮೇಲೆ ಅಂಕಿ ಬರುತ್ತದೆ, ರಿಮ್ಮಿಗೆ ತೂಕ ಅಂಟಿಸುತ್ತಾರೆ. ನೋಡುತ್ತ ನಿಂತಾಗ ನನಗೆ ಆ ತಾಯತವೇ ನೆನಪಾಗುತ್ತದೆ.

“ಇನ್ನ ಹಿಂದ ಭಾರ ಹಾಕ್ಕೊಂಡು ಓಡಿಸಿ ನೋಡ್ರಿ ಗುರುಗಳ.”

ಅಪ್ಪ ಸುತ್ತಲೂ ನೋಡಿದ. ಭಾರ ಅಲ್ಲೇ ನಿಂತಿತ್ತು. ಅವ್ವ ಬಟ್ಟೆಯ ಗಂಟಿನೊಂದಿಗೆ ಬಸ್ಸಿಗೆ ಹೋದಳು, ನಾನು ಶಹಾಪುರದಿಂದ ಸುರಪುರದ ತನಕ ಅಪ್ಪನ ಹಿಂದೆ ಕೂತು ಬಂದೆ. ಎರಡೂ ಕಡೆ ಭತ್ತದ ಗದ್ದೆ, ಕಾಲುವೆಯ ನೀರು. ಅಪ್ಪ ವೇಗ ಏರಿಸಿದ, ಒಂದು ಕೈ ಬಿಟ್ಟ, ಆಮೇಲೆ ಒಂದು ಗಳಿಗೆ ಎರಡೂ ಕೈ ಬಿಟ್ಟ.

“ನಡಗ್ತದೇನು ಮಾದಿ?”

“ಇಲ್ಲಪ್ಪ.”

“ನಂದೇ ತಪ್ಪಾತು ನೋಡು. ಮರತೇ ಬಿಟ್ಟಿದ್ದೆ.”

ನಾನು ಅವನ ಬೆನ್ನಿಗೆ ಕೆನ್ನೆ ಒತ್ತಿ ಕಣ್ಣು ಮುಚ್ಚಿದೆ. ಸುರಪುರ ಇನ್ನೂ ದೂರವಿರಲಿ ಅನ್ನಿಸಿತು. ಆ ಸುಖ ಮನೆಯ ಹೊಸ್ತಿಲ ತನಕ ಇತ್ತು. ಗಾಡಿ ನೆಟ್ಟಗಾಯಿತು ಎಂದು ಅಪ್ಪ ಹೇಳುತ್ತಿದ್ದಂತೆ ಆಯಿ ಬಾಗಿ ಗಾಲಿ ನೋಡಿದಳು. ತಾಯತ ಕಂಡಿತು, ಕೈ ಮುಗಿದಳು.

“ನಾ ಹೇಳಿದ್ದಿಲ್ಲೇನು? ತಾಯತ ಹಿಡೀಬೇಕಾದ್ರ ಒಂದಿಷ್ಟು ದಿನ ಬೇಕು. ಇನ್ನ ಈಕಿ ಕುಂತ್ರೂ ಚಿಂತಿಲ್ಲ, ಅದು ಕಾಯ್ತದ.”

ಅಂದರೆ ನನ್ನ ಕೆಟ್ಟ ಹೆಸರು ಇದ್ದಲ್ಲೇ ಇತ್ತು. ಗಾಡಿಗೆ ಆಗದವಳು ನಾನೇ, ತಾಯತದ ಪುಣ್ಯದಿಂದ ಕೂರುವವಳು. ಅಪ್ಪ ಟಯರು ಅಂತ ಏನೋ ಶುರು ಮಾಡಿ, ತಾಯಿಯ ಮುಖ ನೋಡಿ, ಕಾಲು ತೊಳೆಯಲು ಹೋದ. ನನ್ನ ಚೀಲದಲ್ಲಿ ಆ ರಬ್ಬರಿನ ತುಂಡಿತ್ತು. ಚಾಚಾ ಬಿಸಾಕಿದ್ದನ್ನು ಎತ್ತಿಟ್ಟುಕೊಂಡಿದ್ದೆ. ಆಯಿಗೆ ತೋರಿಸುವ ಹಾಗಿಲ್ಲ, ಆದರೆ ಅವ್ವ ಹೆದರಿದ್ದು ಆಯಿಯ ಕಿವಿಗೆ ಬೀಳುವುದಕ್ಕೆ ಮಾತ್ರ ಎಂದುಕೊಂಡೆ. ಶಾಂತಾಳನ್ನು ಹಿತ್ತಲಿನಲ್ಲಿ ಕಾಳು ತುಂಬಿಡುವ ಹಗೇವಿನ ಕಟ್ಟೆಯ ಹತ್ತಿರ ಕರೆದು ಅದನ್ನು ಅವಳ ಮುಂದೆ ಹಿಡಿದೆ.

“ಇದು ಏನು, ಗೊತ್ತೇನು?”

“ಗೊತ್ತು. ಮಾಮಾ ಹಾಕಿಸುವಾಗ ನಾನೇ ಕೈಯಾಗ ಹಿಡಕೊಂಡು ನಿಂತಿದ್ದೆ.”

“ಮತ್ತ ಇಷ್ಟು ದಿನ ಯಾಕ ಸುಮ್ಮಿದ್ದಿ?”

“ನೀ ಆಗಿದ್ರ ಹೇಳ್ತಿದ್ದೇನು?”

ಆ ಕ್ಷಣಕ್ಕೆ ಅವಳ ಮೇಲಿನ ಕಿಚ್ಚು ಕಡಿಮೆಯಾಗಲಿಲ್ಲ, ಮರ್ಯಾದೆ ಮಾತ್ರ ಸ್ವಲ್ಪ ಹೆಚ್ಚಿತು. ಅವಳು ರಬ್ಬರಿನ ತುಂಡನ್ನೇ ನೋಡುತ್ತಿದ್ದಳು.

“ಆಯಿ ಮುಂದ ಹೇಳ್ತೀ?”

“ಹೇಳಂಗಿಲ್ಲ. ಆದ್ರ ಇನ್ನ ಮ್ಯಾಲ ನೀ ಟಾಕಿ ಮ್ಯಾಲ ಕೂಡಬ್ಯಾಡ. ಆಣಿ ಮಾಡು.”

ಆಣೆ ಮಾಡಿದಳು. ಅಪ್ಪನ ತೋಳುಗಳ ನಡುವಿನ ಜಾಗ ಖಾಲಿಯಾಯಿತು. ಹಿಂದಿನ ಸೀಟು ನನ್ನದು, ಬೆನ್ನು ನನ್ನದು, ಅವಳಿಗೆ ಗಾಡಿಯಲ್ಲಿ ಕೂರಲು ಜಾಗವೇ ಇಲ್ಲ ಎಂದು ಲೆಕ್ಕ ಹಾಕಿ ಆ ರಾತ್ರಿ ಜೋಳದ ಚೀಲಗಳ ಪಕ್ಕದಲ್ಲಿ ಸುಖವಾಗಿ ನಿದ್ದೆ ಮಾಡಿದೆ.

ಶನಿವಾರ ಬಂತು. ನಾನು ಎಲ್ಲರಿಗಿಂತ ಮುಂಚೆ ಎದ್ದು, ಜಡೆ ಹಾಕಿಸಿಕೊಂಡು, ರೊಟ್ಟಿಯ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಗಾಡಿ ಹೊರಗೆ ತಂದು, ಇಬ್ಬರೂ ಬರ್ರಿ, ಈಗ ಗಾಡಿ ಚಲೋ ಆಗ್ಯದ ಅಂದ. ಶಾಂತಾಳನ್ನು ಎತ್ತಿ ಟಾಕಿಯ ಮೇಲೆ ಕೂರಿಸಲು ಕೈ ಚಾಚಿದ. ಅವಳು ಹಿಂದೆ ಸರಿದಳು.

“ಒಲ್ಲೆ ಮಾಮಾ. ಟಾಕಿ ಮ್ಯಾಲ ಕೂಡಂಗಿಲ್ಲ.”

“ಯಾಕವಾ?”

ಅವಳು ಒಮ್ಮೆ ನನ್ನ ಕಡೆ ನೋಡಿದಳು. “ದೊಡ್ಡಾಕಿ ಆಗೀನಿ.”

ಅಪ್ಪನಿಗೆ ಖುಷಿಯೇ ಆಯಿತು. “ಚಲೋ ಆತು ಬಿಡು. ಹ್ಯಾಂಡಲ್ ತಿರುಗಸಾಕ ಕೈಗೆ ಅಡ್ಡ ಆಗ್ತಿತ್ತು. ಹಿಂದ ಕೂಡು ಹಂಗಾದ್ರ. ಮಾದಿ, ನೀ ಹಿರೇಕಿ, ಕಡೀಗೆ ಕೂಡು. ಆಕಿ ನಡುವ ಇರ್ಲಿ, ಬಿದ್ದಗಿದ್ದಾಳು.”

ಆಣೆ ಮಾಡಿಸಿದವಳು ನಾನೇ. ಶಾಂತಾ ಹತ್ತಿ, ಅಪ್ಪನ ಬೆನ್ನಿಗೆ ಅಂಟಿ, ತನ್ನ ಕಡ್ಡಿ ಕೈಗಳನ್ನು ಅವನ ಹೊಟ್ಟೆಯ ಸುತ್ತ ಹಾಕಿದಳು. ನನಗೆ ಉಳಿದದ್ದು ಸೀಟಿನ ತುದಿ, ಹಿಂದಿನ ಕಬ್ಬಿಣದ ಹಿಡಿ, ಮೂಗಿನ ಮುಂದೆ ಅವಳ ಎಣ್ಣೆ ಹಚ್ಚಿದ ತಲೆ. ಸೀಮೆಸುಣ್ಣದ ವಾಸನೆಯ ಬದಲು ದಾರಿಯುದ್ದಕ್ಕೂ ಕೊಬ್ಬರಿ ಎಣ್ಣೆಯ ವಾಸನೆ. ಮೂವರು ಕೂತಿದ್ದೆವು, ಭಾರವೆಲ್ಲ ಹಿಂದಿತ್ತು, ಆದರೂ ಗಾಲಿ ಒಂದಿಷ್ಟೂ ಕುಣಿಯಲಿಲ್ಲ. ಒಂದೇ ಒಂದು ಸಲ ನಡುಗಲಿ ಎಂದು ನಾನು ಬೋನಾಳದ ತನಕ ಬೇಡಿಕೊಂಡೆ. ಖಾದರ್ ಚಾಚಾ ಕೆಲಸ ಅಷ್ಟು ಚೊಕ್ಕ ಮಾಡಿದ್ದರು.

ಮಧ್ಯಾಹ್ನ ಏರಿಯ ಮೇಲೆ ರೊಟ್ಟಿ ತಿಂದು ಹಿಂದಿರುಗುವಾಗ ಬಿಸಿಲಿಗೆ ಶಾಂತಾಳಿಗೆ ನಿದ್ದೆ ಹತ್ತಿತು. ಅವಳ ತಲೆ ಅಪ್ಪನ ಬೆನ್ನಿನಿಂದ ಪಕ್ಕಕ್ಕೆ ಜಾರಿತು, ಹೊಟ್ಟೆಯ ಸುತ್ತಲಿದ್ದ ಕೈಗಳು ಸಡಿಲವಾದವು. ಅಪ್ಪ ತಿರುಗದೆಯೇ ಕೂಗಿದ.

“ಮಾದಿ, ಆಕೀನ ಹಿಡಿ.”

ಅಪ್ಪನನ್ನು ಹಿಡಿಯಬೇಕೆಂದು ವರ್ಷವಿಡೀ ಕಾದ ಎರಡೂ ಕೈಗಳನ್ನು ಶಾಂತಾಳ ಸುತ್ತ ಹಾಕಿ, ಮನೆ ಮುಟ್ಟುವ ತನಕ ಬಿಗಿಯಾಗಿ ಹಿಡಿದು ಕೂತೆ. ಪ್ರೀತಿಗಲ್ಲ. ಅವಳು ಬಿದ್ದರೆ ನಾನು ಕೂತದ್ದಕ್ಕೇ ಬಿದ್ದಳು ಅನ್ನುತ್ತಿದ್ದಳು ಆಯಿ.